ಮೂರು ಎಕರೆ ಕಪ್ಪು, ಕೆಳಗೆ ಕೆಂಪು

ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಬಂಡೆ ಬಿಸಿಲಿಗೆ ಬಿರಿಯಬೇಕು, ಮಳೆಗೆ ಕರಗಬೇಕು, ಹುಳು ಬೇರುಗಳು ಅದರೊಳಗೆ ಸಂಸಾರ ಹೂಡಬೇಕು. ಈ ಮಹಾಕಾರ್ಯದ ಮುಂದೆ ಮನುಷ್ಯನ ಆಯುಷ್ಯ ತೃಣಸಮಾನ. ಈ ಮಾತನ್ನು ನಾನು ರೈತ ತರಬೇತಿ ಶಿಬಿರಗಳಲ್ಲಿ ಚಹಾ ಬರುವುದಕ್ಕೆ ಮುಂಚೆ ಹೇಳುತ್ತ ಬಂದಿದ್ದೇನೆ. ಚಹಾ ಬಂದ ಮೇಲೆ ಯಾರೂ ಅದನ್ನು ನೆನಪಿಟ್ಟಿದ್ದಿಲ್ಲ. ನೆನಪಿಟ್ಟವನು ನಾನೊಬ್ಬನೇ, ಆದ್ದರಿಂದ ಮೋಸ ಹೋದವನೂ ನಾನೊಬ್ಬನೇ.

ಅದು ಮೇ ತಿಂಗಳು. ಕಮಲಾಪುರದ ಸುತ್ತಿನ ಹೊಲಗಳ ಮಣ್ಣಿನ ನಕ್ಷೆ ಮಾಡುವ ಕೆಲಸ ನಮ್ಮ ಕಚೇರಿಗೆ ಬಂದಿತ್ತು. ಯಾವ ಸರ್ವೆ ನಂಬರಿನಲ್ಲಿ ಎಂಥ ಮಣ್ಣು, ಎಷ್ಟು ಆಳ, ಯಾವ ಬೆಳೆಗೆ ತಕ್ಕದ್ದು ಎಂದು ಬರೆದು ಕೊಡಬೇಕು. ಆ ನಕ್ಷೆಯ ಮೇಲೆ ಕೆಂಪು ಬಾಳೆ ಹಚ್ಚುವವರ ಪಟ್ಟಿ ಆಗುತ್ತಿತ್ತು. ಪಟ್ಟಿಯಲ್ಲಿ ಬಂದ ಹೊಲಕ್ಕೆ ಹನಿ ನೀರಾವರಿಯ ಪೈಪು ಸಿಗುತ್ತಿತ್ತು, ಬಾರದ ಹೊಲಕ್ಕೆ ನಮ್ಮ ಶುಭಾಶಯ ಸಿಗುತ್ತಿತ್ತು. ತಿಂಗಳ ಕೊನೆಗೆ ನಕ್ಷೆ ಮೇಜಿನ ಮೇಲಿರಬೇಕೆಂದು ಹಿರಿಯ ಅಧಿಕಾರಿಗಳು ಹೇಳಿದ್ದರು. ಅವರ ಮೇಜಿನ ಮೇಲೆ ಜಾಗವಿಲ್ಲ ಎಂಬುದು ಬೇರೆ ಮಾತು.

ಬೆಳಿಗ್ಗೆ ಐದೂವರೆಗೆಲ್ಲ ಜೀಪು ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು. ಹತ್ತು ಗಂಟೆಯ ನಂತರದ ಬಿಸಿಲಿನಲ್ಲಿ ಗುಂಡಿಯೊಳಗೆ ಇಳಿಯುವುದಕ್ಕೆ ವಿಜ್ಞಾನಪ್ರೇಮವೊಂದೇ ಸಾಲದು. ಚಾಲಕರು ನನ್ನ ವಾರಿಗೆಯವರು. ಮಣ್ಣುಗಳಲ್ಲಿ ಹನ್ನೆರಡು ಮುಖ್ಯ ಗಣಗಳಿವೆ ಎಂದು ನಮ್ಮ ಪುಸ್ತಕ ಹೇಳುತ್ತದೆ. ಅವರ ಪ್ರಕಾರ ಎರಡೇ, ಟೈರು ಹೂಳುವುದು ಮತ್ತು ಹೂಳದ್ದು. ಇಬ್ಬರಲ್ಲಿ ತಪ್ಪು ಕಡಿಮೆ ಮಾಡಿದವರು ಅವರೇ.

ಊರು ದಾಟಿದರೆ ಇಕ್ಕೆಲದಲ್ಲೂ ತೊಗರಿ ಕಿತ್ತ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಗಳು, ಅಂಗೈ ಹೋಗುವಷ್ಟು ಬಿರುಕು. ಕಮಲಾಪುರ ಹತ್ತಿರವಾದಂತೆ ನೆಲ ಏರುತ್ತದೆ, ಕೆಂಪಾಗುತ್ತದೆ. ಎರಡಕ್ಕೂ ತಾಯಿ ಅದೇ ಕರಿಕಲ್ಲು. ತಗ್ಗಿನಲ್ಲಿ ನೀರು ನಿಂತು ಸುಣ್ಣ, ಜೇಡಿ ಅಲ್ಲೇ ಉಳಿದರೆ ಕಪ್ಪು. ಎತ್ತರದಲ್ಲಿ ನೀರು ಬಸಿದು, ಸುಣ್ಣ ತೊಳೆದು ಹೋಗಿ, ಉಳಿದ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಕೆಂಪು. ಅಂದರೆ ಎತ್ತರದಲ್ಲಿ ಕೆಂಪು, ತಗ್ಗಿನಲ್ಲಿ ಕಪ್ಪು; ಈ ಕಾನೂನನ್ನು ಮುರಿಯುವ ಹಕ್ಕು ಯಾವ ಹೊಲಕ್ಕೂ ಇಲ್ಲ.

ಒಂದು ಹೊಲ ಮುರಿದಿತ್ತು. ಇಳಿಜಾರಿನ ಮೇಲುಗಡೆ, ಸುತ್ತ ಕುಂಕುಮದಂಥ ನೆಲ. ನಡುವೆ ಮೂರು ಎಕರೆ ಕಾಡಿಗೆಯಂತೆ ಕಪ್ಪು. ಯಜಮಾನ ಎಂಬತ್ತರ ಆಸುಪಾಸಿನ ಮುತ್ಯಾ, ಬೇವಿನ ನೆರಳಿಗೆ ಹೊರಸು ಹಾಕಿಕೊಂಡು ಮಲಗಿದ್ದ. ಒಕ್ಕಲುತನ ನೋಡುವವಳು ಅವನ ಸೊಸೆ. ಕೆಳಗಿನ ತುಂಡಿನಲ್ಲಿ ಅವಳ ಕೆಂಪು ಬಾಳೆ ಆಗಲೇ ಗೊನೆ ಬಿಟ್ಟಿತ್ತು. ಈ ಮೂರು ಎಕರೆಗೂ ಹಚ್ಚಬೇಕೆಂದು ಗಡ್ಡೆಗಳನ್ನು ಗೊತ್ತು ಮಾಡಿಟ್ಟಿದ್ದಳು. ಬಾವಿಯ ನೀರು ಹನಿಯಾಗಿ ಬಿಟ್ಟರಷ್ಟೇ ಸಾಲುತ್ತಿತ್ತು. ಪಟ್ಟಿಯಲ್ಲಿ ಹೊಲ ಬಂದರೆ ಬಾಳೆ, ಬಾರದಿದ್ದರೆ ಇಲ್ಲ. ಇಷ್ಟನ್ನೂ ಅವಳು ಮೊದಲ ದಿನವೇ ನಾನು ಕೇಳದೆ ಹೇಳಿದಳು.

ನಾನು ಕೇಳಬೇಕಾದದ್ದು ನಮೂನೆಯಲ್ಲಿ ಅಚ್ಚಾಗಿತ್ತು. ಮುತ್ಯಾನ ಹೊರಸಿನ ಹತ್ತಿರ ಹೋಗಿ ಕೇಳಿದೆ.

“ಮುತ್ಯಾ, ಈ ಹೊಲಕ್ಕ ಹೊರಗಿಂದ ಮಣ್ಣು ತಂದು ಹಾಕೀರೇನು?”

“ಇಲ್ರೀ.”

“ಯಾವಾಗರ?”

“ನಮ್ಮಪ್ಪನ ಕಾಲದಾಗಿಂದ ಹೀಂಗೇ ಅದರೀ.”

‘ಇಲ್ಲ’ ಎಂದು ಬರೆದುಕೊಂಡೆ. ಸರ್ಕಾರಿ ನಮೂನೆಯಲ್ಲಿ ಒಮ್ಮೆ ಇಲ್ಲ ಎಂದಾದ ಮೇಲೆ ಅದು ಇಲ್ಲ.

ಆಳುಗಳು ಆಳೆತ್ತರದ ಮೂರು ಗುಂಡಿ ತೆಗೆದರು. ಒಳಗಿಳಿದು, ಗೋಡೆಯನ್ನು ಚಾಕುವಿನಿಂದ ಕೆರೆದು, ಟೇಪು ಇಳಿಬಿಟ್ಟೆ. ಮಣ್ಣಿನ ಹೆಂಟೆಯನ್ನು ಬಣ್ಣದ ಪುಸ್ತಕದ ತುಣುಕುಗಳ ಪಕ್ಕ ಹಿಡಿದು ಹೋಲಿಸುವುದು ನಮ್ಮ ಪದ್ಧತಿ. ದೂರದಿಂದ ನೋಡಿದವರಿಗೆ ಸೀರೆಗೆ ಜಂಪರಿನ ಖಣ ಹುಡುಕುವವರಂತೆ ಕಾಣುತ್ತೇವೆ. ಮೇಲೆ ಸುಮಾರು ಅರ್ಧ ಮೀಟರು ಕಪ್ಪು ಜೇಡಿ. ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ರಿಬ್ಬನ್ನಿನಂತೆ ಗೇಣುದ್ದ ಬರುತ್ತಿತ್ತು. ಅದರ ಕೆಳಗೆ ಚಾಕುವಿನಲ್ಲಿ ಕೊಯ್ದಂತೆ ಒಂದು ಗೆರೆ. ಗೆರೆಯ ಕೆಳಗೆ ಇಟ್ಟಿಗೆ ಬಣ್ಣದ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು.

ನಾನು ಒಂದು ಸಿದ್ಧಾಂತ ಕಟ್ಟಿದೆ. ಯಾವುದೋ ಪುರಾತನ ಹಳ್ಳ ಎಲ್ಲಿಂದಲೋ ಕಪ್ಪು ಜೇಡಿ ತಂದು ಇಲ್ಲಿ ಹಾಸಿ, ಕಾಲಾನಂತರ ದಿಕ್ಕು ಬದಲಿಸಿದೆ. ಇದು ಈ ಭಾಗದಲ್ಲಿ ಯಾರೂ ಗುರುತಿಸದ ಹೊಸ ಮಣ್ಣಿನ ಬಗೆ. ಹೊಸ ಬಗೆ ಸಿಕ್ಕರೆ ಹತ್ತಿರದ ಊರಿನ ಹೆಸರಿಡುವುದು ರೂಢಿ. ನಾನು ಹೆಸರೂ ಇಟ್ಟೆ. ಹಿರಿಯ ಅಧಿಕಾರಿಗಳಿಗೆ ಹೊಲದಿಂದಲೇ ಫೋನು ಮಾಡಿದೆ. ಅವರು ಸಂಜೆಯೊಳಗೆ ಮೇಲಿನವರಿಗೂ ತಿಳಿಸಿ, ಸಂಶೋಧನೆಯಲ್ಲಿ ತಮ್ಮ ಮಾರ್ಗದರ್ಶನವನ್ನೂ ಸೇರಿಸಿಬಿಟ್ಟರು. ನಿವೃತ್ತಿಗೆ ಎರಡು ವರ್ಷ ಉಳಿದವನಿಗೆ ಒಂದು ಮಣ್ಣಾದರೂ ಸಿಕ್ಕಿತೆಂದು ಮನೆಯಲ್ಲಿ ಹೇಳಿದೆ. “ಮೂವತ್ತು ವರ್ಷ ಮತ್ತೇನು ಸಿಕ್ಕಿತ್ತು?” ಎಂದು ಹೆಂಡತಿ ಕೇಳಿದಳು.

ಆದರೆ ಸಮಾಧಾನವಿರಲಿಲ್ಲ. ನಮ್ಮ ಎರಿ ಮಣ್ಣಿಗೆ ಎರಡು ಹನಿ ಆಸಿಡ್ ಬಿಟ್ಟರೆ ಬುರುಬುರು ನೊರೆ ಬರಬೇಕು. ಇಲ್ಲಿ ಸುಮ್ಮನೆ ಕುಡಿದುಕೊಂಡಿತ್ತು. ಸುಣ್ಣದ ಹರಳುಗಳಿರಬೇಕು, ಒಂದೂ ಇರಲಿಲ್ಲ. ಅದಕ್ಕೊಂದು ಕಾರಣ, ಇದಕ್ಕೊಂದು ಕಾರಣ ಹೊಂದಿಸಿಕೊಂಡು ಕಚೇರಿಯಲ್ಲಿ ನಕ್ಷೆ ಎಳೆಯಲು ಕುಳಿತೆ. ಕೈಬೈರಿಗೆ ಹಾಕಿ ಮಣ್ಣು ನೋಡಿದ ಜಾಗಗಳ ಚುಕ್ಕಿ ಕೂಡಿಸುತ್ತ ಹೋದೆ. ಕಪ್ಪು ಮಣ್ಣು ಪೂರ್ವಕ್ಕೆ ಒಡ್ಡಿನ ಹತ್ತಿರ ನಿಂತಿತು. ಪಶ್ಚಿಮಕ್ಕೂ ಒಡ್ಡಿನ ಹತ್ತಿರ ನಿಂತಿತು. ಉತ್ತರ, ದಕ್ಷಿಣ, ಎಲ್ಲ ಕಡೆ ಸರ್ವೆ ನಂಬರಿನ ಗಡಿಗೆ ಸರಿಯಾಗಿ ನಿಂತಿತು. ಪೆನ್ಸಿಲ್ ಕೆಳಗಿಟ್ಟೆ. ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಹೀಗೆ ಆರೇಳು ಸಲ. ಪಹಣಿ ನೋಡಿಕೊಂಡು ಹರಿಯುವ ಹಳ್ಳವನ್ನು ಪ್ರಕೃತಿ ಇದುವರೆಗೆ ಮಾಡಿಲ್ಲ.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಮತ್ತೆ ಗುಂಡಿಯಲ್ಲಿದ್ದೆ. ಕಪ್ಪು ಗೋಡೆಯನ್ನು ಚಾಕುವಿನಿಂದ ಬಿಡಿಸುತ್ತಿದ್ದಾಗ ನಲವತ್ತು ಸೆಂಟಿಮೀಟರ್ ಆಳದಲ್ಲಿ ಕಿರುಬೆರಳ ಉಗುರಿನಷ್ಟು ಬಿಳಿ ಚಿಪ್ಪೊಂದು ಉದುರಿತು. ಮೇಲೆ ಸೊಸೆ ನಿಂತು ನೋಡುತ್ತಿದ್ದಳು.

“ಅದೇನ್ ಬಂಗಾರ ಸಿಕ್ಕಂಗ ನೋಡ್ಲಾಕತ್ತೀರಿ ಸಾಹೇಬ್ರ? ಕೆರಿ ಹುಳದ ಚಿಪ್ಪದು. ಹೊಲದ ತುಂಬ ಅವ.”

“ಕೆರಿ ಹುಳ ಈ ಎತ್ತರಕ್ಕ ಹ್ಯಾಂಗ ಬಂತು?”

“ಬಂಡ್ಯಾಗ,” ಅಂದಳು. ಅಂದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇಬ್ಬರೂ ಹೊರಸಿನ ಹತ್ತಿರ ಹೋದೆವು. ಮುತ್ಯಾ ಎದ್ದು ಕುಳಿತ. ಇನ್ನು ಮುಚ್ಚಿ ಉಪಯೋಗವಿಲ್ಲವೆಂದು ಸೊಸೆಯ ಮುಖ ನೋಡಿಯೇ ಅವನಿಗೆ ತಿಳಿಯಿತು.

“ಹನ್ನೊಂದು ಬ್ಯಾಸಿಗಿ ಹೊಡದೀನ್ರೀ ಸಾಹೇಬ್ರ. ಕೆರಿ ಬತ್ತಿದ್ ಕೂಡ್ಲೆ ಬಂಡಿ ಹೂಡೂದು. ದಿನಾ ಐದು ಬಂಡಿ. ಇಲ್ಲಿ ಏನಿತ್ರೀ ಮದಲ? ಬರೇ ಗರಸು. ಬಿತ್ತಿದ್ ಬೀಜ ಸೈತ ತಿರುಗಿ ಬರ್ತಿದ್ದಿಲ್ಲ.”

“ಮತ್ತ ನಾ ಕೇಳಿದಾಗ ಇಲ್ಲಂದ್ರಿ?”

“ಜೀಪ್ ಬಂದ್ರ ನಾವು ಮದಲ ಇಲ್ಲ ಅಂತೀವ್ರಿ. ಆಮ್ಯಾಗ, ಏನ್ ಕೇಳ್ಯಾರ ಅಂತ ನೋಡ್ತೀವಿ.”

ಎಂದೋ ಒಮ್ಮೆ ಜೀಪಿನಲ್ಲಿ ಬಂದ ಯಾರೋ, ಕೆರೆಯ ಹೂಳು ಯಾರು ಯಾರು ಒಯ್ದಿರಿ ಎಂದು ಕೇಳಿ ಹೆಸರು ಬರೆದುಕೊಂಡು ಹೋಗಿದ್ದರಂತೆ. ಮುಂದೆ ಏನೂ ಆಗಲಿಲ್ಲ. ಆದರೆ ಊರು ಕಲಿತ ಪಾಠ ಗಟ್ಟಿಯಾಗಿ ಉಳಿದಿತ್ತು. ನಾನು ಸುತ್ತಲಿನ ಇಪ್ಪತ್ತೇಳು ಹೊಲಗಳಲ್ಲಿ ‘ಇಲ್ಲ’ ಎಂದು ಬರೆದುಕೊಂಡಿದ್ದೆ.

“ಬಣ್ಣದ ಪುಸ್ತಕ ಹಿಡಿದು ಮೂರು ದಿನ ಕೂತ್ರಿ,” ಎಂದಳು ಸೊಸೆ. “ಕೆರಿ ಮಣ್ಣಿನ ಗುರ್ತ ಹತ್ತಲಿಲ್ಲೇನ್ರಿ?”

ಚಾಲಕರು ಜೀಪಿನ ಬಾನೆಟ್ಟಿನ ಹಿಂದೆ ಮುಖ ಮರೆಸಿಕೊಂಡು ಕೆಮ್ಮಿದರು. ಬೀಡಿಯ ಕೆಮ್ಮು ಬೇರೆ, ಅದು ಬೇರೆ.

ಇಲ್ಲಿಗೆ ನನ್ನ ಹೊಸ ಮಣ್ಣು ಸತ್ತಿತು. ಆದರೆ ಶವಸಂಸ್ಕಾರ ಅಷ್ಟು ಸುಲಭವಿರಲಿಲ್ಲ. ನಮ್ಮ ಶಾಸ್ತ್ರದಲ್ಲಿ ಸ್ಥೂಲವಾಗಿ ಒಂದು ನಿಯಮವಿದೆ: ಮೇಲೆ ಬಂದು ಕುಳಿತ ಹೊಸ ಪದರು ಐವತ್ತು ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಹೆಸರು ಅದಕ್ಕೆ, ಕಡಿಮೆಯಿದ್ದರೆ, ಕೆಳಗೆ ಹೂತುಹೋದ ಹಳೆಯ ಮಣ್ಣಿಗೆ. ಮೂರೂ ಗುಂಡಿಗಳ ಟೇಪು ಮತ್ತೆ ಓದಿದೆ. ಕೆಳಗಿನದರಲ್ಲಿ ಐವತ್ತಮೂರು. ನಡುವಿನದರಲ್ಲಿ ನಲವತ್ತೊಂಬತ್ತು. ಬದಿಯದರಲ್ಲಿ ಒಂದು ಗೋಡೆಗೆ ಐವತ್ತೊಂದು, ಎದುರು ಗೋಡೆಗೆ ನಲವತ್ತೇಳು. ಒಂದೇ ಗುಂಡಿಯೊಳಗೆ ನಿಂತು ಎಡಕ್ಕೆ ತಿರುಗಿದರೆ ಒಂದು ಮಣ್ಣು, ಬಲಕ್ಕೆ ತಿರುಗಿದರೆ ಇನ್ನೊಂದು.

ಹಿರಿಯ ಅಧಿಕಾರಿಗಳಿಗೆ ಫೋನು ಮಾಡಿ, ಸಂಶೋಧನೆಯೂ ಮಾರ್ಗದರ್ಶನವೂ ಕೆರೆಗೆ ಬಿದ್ದ ಸಂಗತಿ ತಿಳಿಸಿದೆ. ಮೂರು ಗುಂಡಿಗಳ ಅಳತೆಯನ್ನೂ ಓದಿ ಹೇಳಿದೆ.

“ಐವತ್ತಂತ ಬರದುಬಿಡ್ರಿ,” ಎಂದರು. “ಯಾವ್ದರ ಒಂದ್ ಕಡಿ ಕೂಡಲಿ.”

“ಐವತ್ತು ಅಂದ್ರ ಕಪ್ಪು ಜೇಡಿ ಆಗ್ತದ ಸರ್. ನೀರು ಬಸಿಯೂದಿಲ್ಲ, ಬಾಳಿಗಿ ತಕ್ಕದ್ದಲ್ಲ.”

“ಹಂಗಾರ ನಲವತ್ತೊಂಬತ್ತು ಬರೀರಿ.”

“ಅದು ಕೆಂಪು ಗರಸು. ನೀರು ನಿಲ್ಲೂದಿಲ್ಲ, ಬಾಳಿಗಿ ತಕ್ಕದ್ದಲ್ಲ.”

“ಎರಡೂ ಕಡಿ ಅಲ್ಲ ಅಂದ್ಮ್ಯಾಲೆ ನಿಮಗ ತ್ರಾಸ್ ಏನದರಿ?”

ತರ್ಕದಲ್ಲಿ ದೋಷವಿರಲಿಲ್ಲ. ಫೋನು ಜೇಬಿಗೆ ಹಾಕಿಕೊಂಡೆ. ಮುತ್ಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಹಂಗಾರ ನನ್ನ ಮಣ್ಣು ಲೆಕ್ಕಕ್ಕಿಲ್ಲೇನ್ರಿ?”

“ಮೂರು ಬೆರಳು ಕಮ್ಮಿ ಬಿದ್ದದ ಮುತ್ಯಾ, ಅಲ್ಲಲ್ಲಿ.”

“ಮದಲ ಬಂದು ಹೇಳಿದ್ರ ಹಾಕ್ತಿದ್ದೆಲ್ರಿ,” ಎಂದ. ಹಾಸ್ಯವಲ್ಲ. ನಿಜಕ್ಕೂ ಬೇಸರಪಟ್ಟಿದ್ದ.

ಅಂದು ಹಿಂದಿರುಗುವಾಗ ಜೀಪಿನಲ್ಲಿ ಒಂದು ಕಡೆ ಕುಳಿತುಕೊಳ್ಳಲಾಗಲಿಲ್ಲ. ಒಂದು ಸಲ ಮುಂದೆ, ಒಂದು ಸಲ ಹಿಂದೆ. “ಸಾಬ್, ಗಾಡಿ ತೂಕಾ ತಪ್ಪತದ,” ಎಂದರು ಚಾಲಕರು. ನಿಯಮದ ಪ್ರಕಾರ ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಿಕೊಂಡರೆ ನನ್ನ ಕೆಲಸ ಮುಗಿಯುತ್ತಿತ್ತು, ಆ ಹೆಣ್ಣುಮಗಳ ಬಾಳೆಯೂ ಮುಗಿಯುತ್ತಿತ್ತು. ಆದರೆ ಗುಂಡಿಯಲ್ಲಿ ನೋಡಿದ್ದೊಂದು ಕಣ್ಣಿನಿಂದ ಹೋಗುತ್ತಿರಲಿಲ್ಲ. ಹಿಂದಿನ ವರ್ಷದ ತೊಗರಿಯ ಬೇರು ಕಪ್ಪಿನಿಂದ ಕೆಂಪಿಗೆ ಗಡಿಯಲ್ಲಿ ತಡವರಿಸದೆ ನೆಟ್ಟಗೆ ಇಳಿದಿತ್ತು. ನೀರು ನಿಲ್ಲುವ ಜಾಗದಲ್ಲಿ ಮಣ್ಣು ಬೂದು ಬಣ್ಣಕ್ಕೆ ತಿರುಗಿ ತುಕ್ಕಿನ ಕಲೆ ಬೀಳುತ್ತದೆ. ಆ ಗೆರೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಮೇಲಿನ ಜೇಡಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚಾದದ್ದನ್ನು ಕೆಳಗಿನ ಗರಸು ಬಿಟ್ಟುಬಿಡುತ್ತದೆ. ಬಾಳೆಗೆ ಇದಕ್ಕಿಂತ ಏನು ಬೇಕು? ಎರಡು ಅಯೋಗ್ಯ ಮಣ್ಣುಗಳನ್ನು ಒಂದರ ಮೇಲೊಂದು ಇಟ್ಟು ಮುತ್ಯಾ ಒಂದು ಯೋಗ್ಯ ಮಣ್ಣು ಮಾಡಿದ್ದ. ನಮ್ಮಲ್ಲಿ ಮಾತ್ರ ಅದಕ್ಕೆ ಕಾಲಂ ಇರಲಿಲ್ಲ.

ಕೋಟನೂರ ಎಂಬ ಹಳ್ಳಿ ಬರುವ ಮುಂಚೆಯೇ ತೀರ್ಮಾನಿಸಿದ್ದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಕಮಲಾಪುರದಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಕೋಟನೂರ ಬರುವುದಿಲ್ಲ. ತೀರ್ಮಾನವೂ ದಾರಿಯಲ್ಲಿ ಬರಲಿಲ್ಲ. ಮರುದಿನ ಮಧ್ಯಾಹ್ನ, ಕಚೇರಿಯಲ್ಲಿ ‘ತಕ್ಕದ್ದಲ್ಲ’ ಎಂದು ಬರೆಯಲು ಪೆನ್ನಿನ ಟೋಪಿ ತೆಗೆದು, ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ ಮೇಲೆ ಬಂತು. ನೀರು ಬಸಿಯುತ್ತದೋ ಇಲ್ಲವೋ ಅಳೆದೇ ನೋಡಬೇಕು. ಅಳತೆ ಇದ್ದರೆ ಎರಡರಲ್ಲಿ ಯಾವುದನ್ನೂ ಬರೆಯದೆ ಮೂರನೆಯದನ್ನು ಬರೆಯಬಹುದು. ನೀರು ಬಸಿಯದಿದ್ದರೆ ನನ್ನ ಎರಡನೆಯ ಸಿದ್ಧಾಂತವೂ ಕೆರೆಗೆ.

ನೀರು ಇಂಗುವುದನ್ನು ಅಳೆಯಲು ಒಂದರೊಳಗೊಂದು ಎರಡು ಕಬ್ಬಿಣದ ಬಳೆಗಳಿವೆ. ಅವನ್ನು ನೆಲಕ್ಕೆ ಬಡಿದು, ನೀರು ತುಂಬಿ, ಒಳಗಿನ ಬಳೆಯಲ್ಲಿ ನೀರು ಎಷ್ಟು ನಿಮಿಷಕ್ಕೆ ಎಷ್ಟು ಇಳಿಯಿತೆಂದು ಅಳತೆಪಟ್ಟಿ ಇಟ್ಟು ನೋಡುತ್ತ ಕೂರಬೇಕು. ಮೊದಲ ದಿನ ಚಾಲಕರು ಬಾವಿಯಿಂದ ಒಂದು ಡ್ರಮ್ಮು ನೀರು ತಂದರು. ಸುರಿದೆವು. ಗಡಿಯಾರದ ಗುಂಡಿ ಒತ್ತುವುದರೊಳಗೆ ಬಳೆ ಖಾಲಿ. ಮತ್ತೆ ಸುರಿದೆವು. ಮತ್ತೆ ಖಾಲಿ.

“ಪಾನಿ ಕಿದರ್ ಗಯಾ ಸಾಬ್?” ಚಾಲಕರು ಬಗ್ಗಿ ನೋಡಿದರು. “ಹೈದರಾಬಾದಿಗಿ ಹೋಯ್ತೇನು?”

ಬಿರುಕು. ಬೇಸಿಗೆಯ ಕಪ್ಪು ಮಣ್ಣು ಬಿರಿದಿರುತ್ತದೆ. ಬಳೆಯ ಕೆಳಗೇ ಒಂದು ಬಿರುಕು ಹಾದುಹೋಗಿತ್ತು. ಮೂವತ್ತು ವರ್ಷ ಅನುಭವವಿರುವವನು ಮೊದಲು ನೋಡುವುದು ಅದನ್ನೇ. ನಾನು ನೋಡಿರಲಿಲ್ಲ. ಆ ಡ್ರಮ್ಮಿನ ನೀರು ಬಾಳೆಯ ಪಾಲಿನದು ಎಂದು ಸೊಸೆ ಜೋರಾಗಿಯೇ ನೆನಪು ಮಾಡಿದಳು.

ಬೇರೆ ಮೂರು ಜಾಗ ಆರಿಸಿ, ಸುತ್ತ ಸಣ್ಣ ಒಡ್ಡು ಕಟ್ಟಿ, ಎರಡು ದಿನ ನೀರು ಉಣಿಸಿ ಬಿರುಕು ಮುಚ್ಚಿಕೊಳ್ಳಲು ಬಿಟ್ಟೆವು. ಆ ಎರಡು ದಿನ ಕಲಬುರಗಿಯಲ್ಲಿ ಆಕಾಶ ನೋಡಿಕೊಂಡು ತಿರುಗಿದೆ. ಒಂದು ಅಡ್ಡಮಳೆ ಬಿದ್ದರೆ ಎಲ್ಲ ಮೊದಲಿನಿಂದ. ಮೋಡ ಬಂತು, ಮಳೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಬಳೆಗಳ ಮುಂದೆ ಕುಕ್ಕುರಗಾಲಲ್ಲಿ ಕುಳಿತು ಬರೆದೆ. ಮೊದಲು ಬೇಗ, ಆಮೇಲೆ ನಿಧಾನ, ಆಮೇಲೆ ಒಂದೇ ಸಮ, ಆದರೆ ನಿಲ್ಲಲಿಲ್ಲ. ಮಧ್ಯಾಹ್ನ ಬಳೆಯ ಪಕ್ಕ ಅಗೆದು ನೋಡಿದರೆ ತೇವ ಗೆರೆ ದಾಟಿ ಕೆಂಪು ಗರಸಿನೊಳಗೆ ಒಂದು ಗೇಣು ಇಳಿದಿತ್ತು. ಮೂರು ಜಾಗದಲ್ಲೂ ಹಾಗೇ. ಗುಂಡಿಯಲ್ಲಿ ನಿಂತುಕೊಂಡು ಸೊಸೆಯನ್ನು ಕರೆದು ತೋರಿಸಿದೆ. ಅವಳು ಒದ್ದೆ ಗರಸನ್ನು ಮುಟ್ಟಿ, “ಅಂದ್ರ ಪಟ್ಟ್ಯಾಗ ಬರ್ತದ್ರಿ?” ಎಂದಳು.

ಬರುತ್ತದೆ ಎನ್ನುವುದಕ್ಕೆ ಇನ್ನೊಂದು ಕೆಲಸ ಬಾಕಿಯಿತ್ತು. ಹೂಳು ಎಲ್ಲ ಕಡೆ ಇಷ್ಟೇ ದಪ್ಪವಿದೆಯೇ? ಹೊಲಕ್ಕೆ ಹಗ್ಗ ಹಿಡಿದು, ಇಪ್ಪತ್ತು ಹೆಜ್ಜೆಗೊಂದರಂತೆ ಕೈಬೈರಿಗೆ ಇಳಿಸುತ್ತ ಹೋದೆವು. ಬಂಡಿದಾರಿಯ ಕಡೆಯ ಎರಡು ಎಕರೆಯಲ್ಲಿ ನಲವತ್ತೈದರಿಂದ ಐವತ್ತೈದು. ಮೇಲಿನ ಎಕರೆಗೆ ಬಂದಾಗ ಇಪ್ಪತ್ತೆಂಟು. ಇಪ್ಪತ್ತೆರಡು. ಹದಿನೈದು. ಕೊನೆಯ ಸಾಲಿನಲ್ಲಿ ಉಳುಮೆಯಲ್ಲಿ ಬೆರೆತ ಕರಿ ಬಣ್ಣವಷ್ಟೇ, ಕೆಳಗೆ ಗರಸು ಬೈರಿಗೆಗೆ ಕಟಕಟ ಹಲ್ಲು ಕಡಿಯಿತು. ಬಾಳೆಯ ಬೇರಿಗೆ ಅಲ್ಲಿ ಏನೂ ಇರಲಿಲ್ಲ.

“ಮುತ್ಯಾ, ಮ್ಯಾಲಿನ ಎಕರೆ ಯಾಕ ಬಿಟ್ರಿ?”

“ಅಲ್ಲೀತನಕ ಬರೂದ್ರಾಗ ಮೊಣಕಾಲು ಹೋದ್ವುರಿ.”

ಸೊಸೆ ಹತ್ತಿರ ಬಂದು ದನಿ ತಗ್ಗಿಸಿದಳು. “ಮೂರೂ ಬರೀರಿ ಅಣ್ಣಾರ. ತೆಗದು ನೋಡ್ಲಾಕ ಯಾರ್ ಬರ್ತಾರ? ಗಡ್ಡಿ ಮೂರು ಎಕರೆಕ್ಕಂತ ಮಾತಾಡೀನಿ.”

ಅವಳು ಹೇಳಿದ್ದು ನಿಜ. ಯಾರೂ ಬರುವುದಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಗುಂಡಿಯನ್ನು ಇನ್ನೊಬ್ಬ ಬಂದು ನೋಡಿದ್ದಿಲ್ಲ.

“ಇಲ್ಲಿ ಹಚ್ಚಿದ್ರ ಗಾಳಿಗಿ ಗಿಡ ಬೀಳ್ತಾವ ತಂಗಿ. ಬೇರಿಗಿ ಹಿಡಿಯಾಕ ಮಣ್ಣಿಲ್ಲ.”

“ಅದು ನಾ ನೋಡ್ಕೋತೀನ್ರಿ.”

“ಪಟ್ಟ್ಯಾಗ ನಾ ಬರಿಯೂದು ಆಗ್ತದಂತ. ಇಲ್ಲಿ ಆಗೂದಿಲ್ಲ.”

ಅವಳು ಮನೆಯ ಕಡೆ ನಡೆದಳು. ದಿನವೂ ಒಂಬತ್ತಕ್ಕೆ ಬರುತ್ತಿದ್ದ ಚಹಾ ಅಂದು ಬರಲಿಲ್ಲ. ಚಾಲಕರು ಒಂದು ಸಲ ಮನೆಯ ಕಡೆ, ಒಂದು ಸಲ ನನ್ನ ಕಡೆ ನೋಡಿ, “ನಕ್ಕೋ ಸಾಬ್, ಬ್ಯಾಡ, ನಡೀರಿ,” ಎಂದು ಗಾಡಿ ಚಾಲೂ ಮಾಡಿದರು.

ಕಚೇರಿಯಲ್ಲಿ ಗಣಕಯಂತ್ರ ಒಪ್ಪಲಿಲ್ಲ. ಅದರಲ್ಲಿ ಮಣ್ಣಿನ ಬಗೆಗಳ ಸಿದ್ಧ ಯಾದಿ ಇದೆ, ಅದರೊಳಗಿನದನ್ನೇ ಆರಿಸಬೇಕು. ‘ಕೆರೆ ಹೂಳು ಹೊದ್ದ ಕೆಂಪು ಗರಸು, ನೀರು ಚೆನ್ನಾಗಿ ಬಸಿಯುತ್ತದೆ’ ಎಂಬುದು ಯಾದಿಯಲ್ಲಿರಲಿಲ್ಲ. ಹಿರಿಯ ಅಧಿಕಾರಿಗಳ ಕೋಣೆಗೆ ಬೈರಿಗೆಯ ಅಳತೆಗಳು, ಬಳೆಗಳ ಅಳತೆಗಳು, ಗುಂಡಿಯ ಫೋಟೋ, ಒಂದು ಕಾಗದದ ಪೊಟ್ಟಣದಲ್ಲಿ ಚಿಪ್ಪು, ಎಲ್ಲ ತೆಗೆದುಕೊಂಡು ಹೋದೆ. ಹೊಸ ಬಗೆಯ ಹೆಸರು ಹಿಂತೆಗೆದುಕೊಳ್ಳುವ ಪತ್ರವನ್ನೂ ಇಟ್ಟೆ. ಅವರು ಅದನ್ನು ಮೊದಲು ಓದಿದರು.

“ಮ್ಯಾಲಿನವರಿಗಿ ನಾ ಏನ್ ಹೇಳ್ಲಿ?”

“ಹಳ್ಳ ಅಲ್ಲ ಸರ್, ಬಂಡಿ ಅಂತ ಹೇಳ್ರಿ.”

ಅವರು ನಗಲಿಲ್ಲ. ಬಳೆಗಳ ಅಳತೆಯ ಹಾಳೆಯನ್ನು ಎರಡು ಸಲ ತಿರುವಿ ನೋಡಿದರು. ಅವರೂ ಒಂದು ಕಾಲಕ್ಕೆ ಕುಕ್ಕುರಗಾಲಲ್ಲಿ ಕುಳಿತು ಬರೆದವರೇ. ಕೊನೆಗೆ, “ಷರಾ ಕಾಲಂನಾಗ ಬರೀರಿ. ನಿಮ್ಮ ಸಹಿ ಮ್ಯಾಲೆ ಬಿಡ್ತೀನಿ. ನಾಳೆ ಯಾರರ ಕೇಳಿದ್ರ ನೀವ,” ಎಂದರು.

“ನಾನ ಸರ್.”

ಉಳಿದ ಇಪ್ಪತ್ತೇಳು ಹೊಲಗಳಿಗೆ ಮತ್ತೆ ಹೋಗಬೇಕಾಯಿತು. ಈ ಸಲ ಜೀಪನ್ನು ಊರ ಹೊರಗೆ ನಿಲ್ಲಿಸಿ ನಡೆದು ಹೋದೆ. ಇಪ್ಪತ್ತೇಳರಲ್ಲಿ ಒಂಬತ್ತು ಕಡೆ ‘ಇಲ್ಲ’ ಎಂಬುದು ‘ಹೌದು’ ಆಯಿತು. ನಕ್ಷೆ ಹತ್ತು ದಿನ ತಡವಾಗಿ ಹೋಯಿತು.

ಮುತ್ಯಾನ ಹೊಲದಲ್ಲಿ ಎರಡು ಎಕರೆ ಪಟ್ಟಿಗೆ ಸೇರಿತು. ಜುಲೈನಲ್ಲಿ ಅಷ್ಟಕ್ಕೆ ಬಾಳೆ ಹಚ್ಚಿದರು. ಮೇಲಿನ ಎಕರೆಗೆ ತೊಗರಿ ಬಿತ್ತಿದ್ದಾರೆ.